ಲೇಟ್ ಮುಗಿಸಿ ಬೆಳಿಗ್ಗೆ ಏಳಕ್ಕೆ ಮತ್ತೆ ಡ್ಯೂಟಿ: ಬ್ರಿಟನ್ನಿಗೆ ಹೊಸದಾಗಿ ಬಂದ ನರ್ಸ್‌ಗೆ ಉತ್ತರ

ನೀವು ಕೇಳಿದ್ದು ಮೂರು ವಿಷಯ. ರಾತ್ರಿ 9:30ಕ್ಕೆ ಲೇಟ್ ಶಿಫ್ಟ್ ಮುಗಿಸಿದವರಿಗೆ ಬೆಳಿಗ್ಗೆ 7ಕ್ಕೇ ಡ್ಯೂಟಿ ಹಾಕುವುದು ಸರಿಯೇ? ಸೇರುವಾಗ 48 ಗಂಟೆಯ ಕಾಗದಕ್ಕೆ ಸಹಿ ಮಾಡಿದ ಮೇಲೆ ಪ್ರಶ್ನಿಸಬಹುದೇ? ಪ್ರಶ್ನಿಸಿದರೆ ವೀಸಾಕ್ಕೆ ತೊಂದರೆಯೇ?

ಮೊದಲು ಸಹಿಯ ಮಾತು, ಯಾಕೆಂದರೆ ಹೆಚ್ಚಿನವರು ಸುಮ್ಮನಾಗುವುದು ಅಲ್ಲೇ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಇರುವುದು 1998ರ ವರ್ಕಿಂಗ್ ಟೈಮ್ ರೆಗ್ಯುಲೇಷನ್ಸ್. ನೀವು ಸಹಿ ಮಾಡಿದ ಆಪ್ಟ್ ಔಟ್ ಪತ್ರ, ಅಂದರೆ ಮಿತಿ ಮೀರಿ ಕೆಲಸ ಮಾಡಲು ಕೊಟ್ಟ ಒಪ್ಪಿಗೆ, ವಾರಕ್ಕೆ ಸರಾಸರಿ 48 ಗಂಟೆಯ ಮಿತಿಗೆ ಮಾತ್ರ ಸಂಬಂಧಿಸಿದ್ದು. ಆ ಸರಾಸರಿಯನ್ನು ಸಾಮಾನ್ಯವಾಗಿ 17 ವಾರಕ್ಕೆ ತೆಗೆಯುತ್ತಾರೆ. ವಿಶ್ರಾಂತಿಯ ಹಕ್ಕನ್ನು ನೀವು ಬಿಟ್ಟುಕೊಟ್ಟಿಲ್ಲ. ಆ ಪತ್ರವನ್ನೂ 7 ದಿನದ ಲಿಖಿತ ನೋಟಿಸ್ ಕೊಟ್ಟು ರದ್ದು ಮಾಡಬಹುದು. ಪತ್ರದಲ್ಲೇ ಹೆಚ್ಚು ಅವಧಿ ಬರೆದಿದ್ದರೆ ಅಷ್ಟು ಕಾಯಬೇಕು, ಆದರೆ 3 ತಿಂಗಳಿಗಿಂತ ಹೆಚ್ಚು ಬರೆಯುವಂತಿಲ್ಲ.

ಇನ್ನು ವಿಶ್ರಾಂತಿ. ಒಂದು ಡ್ಯೂಟಿಗೂ ಮುಂದಿನದಕ್ಕೂ ನಡುವೆ ಸತತ 11 ಗಂಟೆ ಬಿಡುವು. ವಾರಕ್ಕೊಮ್ಮೆ 24 ಗಂಟೆ, ಇಲ್ಲವೇ ಎರಡು ವಾರಕ್ಕೆ 48 ಗಂಟೆ. 6 ಗಂಟೆ ಮೀರಿದ ಶಿಫ್ಟಿನಲ್ಲಿ 20 ನಿಮಿಷದ ಬ್ರೇಕ್. ಬ್ರೇಕಿಗೆ ಸಂಬಳ ಇದೆಯೋ ಇಲ್ಲವೋ ಎಂಬುದು ಕಾಂಟ್ರಾಕ್ಟಿಗೆ ಬಿಟ್ಟಿದ್ದು.

9:30ರಿಂದ 7ಕ್ಕೆ ಒಂಬತ್ತೂವರೆ ಗಂಟೆ, ಅಂದರೆ ಒಂದೂವರೆ ಗಂಟೆ ಕಮ್ಮಿ. ಆದರೆ ಆಸ್ಪತ್ರೆ, ಕೇರ್ ಹೋಮ್‌ಗಳಲ್ಲಿ ಕೆಲಸ ನಿಲ್ಲಿಸಲಾಗದು ಎಂಬ ಕಾರಣಕ್ಕೆ, ಮತ್ತು ಶಿಫ್ಟ್ ಬದಲಾಗುವಾಗ, 11 ಗಂಟೆಗೆ ವಿನಾಯಿತಿ ಇದೆ. ಮ್ಯಾನೇಜರ್ ಹೇಳುವುದು ಇಷ್ಟನ್ನೇ. ಅದೇ ಕಾನೂನಿನ ಮುಂದಿನ ಮಾತೇನೆಂದರೆ, ಕಮ್ಮಿಯಾದ ವಿಶ್ರಾಂತಿಯನ್ನು ಬಾಕಿ ಎಂದು ಲೆಕ್ಕ ಹಿಡಿದು, ಆದಷ್ಟು ಬೇಗ ವಿಶ್ರಾಂತಿಯಾಗಿಯೇ ಕೊಡಬೇಕು. ವಾರ್ಷಿಕ ರಜೆಯಲ್ಲಿ ಅದನ್ನು ಮುರಿದುಕೊಳ್ಳುವಂತಿಲ್ಲ. ಸರ್ಕಾರದ ಅಳತೆ ವಾರಕ್ಕೆ ಸರಾಸರಿ 90 ಗಂಟೆ ವಿಶ್ರಾಂತಿ: ಆರು ದಿನ 11ರಂತೆ 66, ಮೇಲೆ ಒಂದು ದಿನದ 24.

ಹಾಗಾಗಿ ಲೇಟ್ ಆದ ಮರುದಿನವೇ ಅರ್ಲಿ, ಅಂದರೆ ಬೆಳಗಿನ ಶಿಫ್ಟ್, ಬಂದಾಗಲೆಲ್ಲ ಜಗಳಕ್ಕೆ ಇಳಿಯಬೇಡಿ. ಅರ್ಲಿ ಮಧ್ಯಾಹ್ನ 3ಕ್ಕೆ ಮುಗಿದು ಮುಂದಿನ ಡ್ಯೂಟಿ ಮರುದಿನ 7ಕ್ಕೆ ಇದ್ದರೆ ನಡುವೆ 16 ಗಂಟೆ ಸಿಕ್ಕಿತು, ಬಾಕಿ ತೀರಿತು. ನಿಜವಾಗಿ ಜೀವ ಹಿಂಡುವುದು ಲೇಟ್ ಆದ ಮೇಲೆ ಬೆನ್ನಿಗೆ ಎರಡು ಲಾಂಗ್ ಡೇ ಹಾಕುವ ರೋಟಾ (ಡ್ಯೂಟಿ ಪಟ್ಟಿ). 7ರಿಂದ ಸಂಜೆ 7:30ರವರೆಗಿನ ಲಾಂಗ್ ಡೇ ಆದಮೇಲೆ ಮರುದಿನ 7ಕ್ಕೆ ಬರಬೇಕಾದರೆ ನಡುವೆ 11:30 ಗಂಟೆ. ಹಳೇ ಬಾಕಿಗೆ ಸಿಗುವುದು ಅರ್ಧ ಗಂಟೆ. ಮುಂದಿನ ಶಿಫ್ಟಿನವರಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ಎಳೆದು ವಾರ್ಡ್ ಬಿಡುವಾಗ 8:10 ಆಯಿತೆನ್ನಿ, ಆ ಅರ್ಧ ಗಂಟೆಯೂ ಹೋಯಿತು, ಇನ್ನೂ 10 ನಿಮಿಷ ಬಾಕಿಗೆ ಸೇರಿತು. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಶನಿವಾರ, ಭಾನುವಾರ ಎರಡೂ ಲಾಂಗ್ ಡೇ ಇದ್ದರೆ, ರೋಟಾದಲ್ಲಿ ಹನ್ನೊಂದೂವರೆ ಗಂಟೆಯಂತೆ ಕಂಡರೂ ಕೈಗೆ ಸಿಗುವುದು ಹತ್ತೂವರೆ. ರೋಟಾ ಬರೆಯುವವರ ಗಮನಕ್ಕೆ ಇದು ಸುಲಭವಾಗಿ ತಪ್ಪಿಹೋಗುತ್ತದೆ.

ಆದ್ದರಿಂದ ರೋಟಾದ ಸಮಯ ಬೇರೆ, ನೀವು ನಿಜವಾಗಿ ವಾರ್ಡ್ ಬಿಟ್ಟ ಸಮಯ ಬೇರೆ; ಎರಡನ್ನೂ ಅವತ್ತವತ್ತೇ ಬರೆದಿಡಿ. ಆ್ಯಪಿನ ರೋಟಾ ಆಮೇಲೆ ತಿದ್ದುಪಡಿಯಾಗಬಹುದು, ಪ್ರಕಟವಾದ ದಿನವೇ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿನಲ್ಲಿಡಿ. ರೋಗಿಗಳ ಹೆಸರಾಗಲಿ ವಿವರವಾಗಲಿ ಅದರಲ್ಲಿ ಬರಕೂಡದು. ಆಮೇಲೆ ಮ್ಯಾನೇಜರ್‌ಗೆ ಇಮೇಲ್: ಇಂಥ ತಾರೀಖು ಇಷ್ಟಕ್ಕೆ ಮುಗಿಯಿತು, ಮರುದಿನ ಇಷ್ಟಕ್ಕೆ ಶುರುವಾಯಿತು, ಇಷ್ಟು ವಿಶ್ರಾಂತಿ ಕಮ್ಮಿಯಾಯಿತು, ಬದಲಿ ವಿಶ್ರಾಂತಿ ಯಾವಾಗ? ದೂರಿನ ಧಾಟಿ ಬೇಡ, ಲೆಕ್ಕ ಸಾಕು. ಬಾಯಿಮಾತಲ್ಲಿ ಕೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಉತ್ತರ ಬರದಿದ್ದರೆ ಲಿಖಿತ ಗ್ರೀವೆನ್ಸ್, ಅಂದರೆ ಸಂಸ್ಥೆಗೆ ಅಧಿಕೃತ ದೂರು, ಕೊಡಿ. ಅದಕ್ಕೂ ಜಗ್ಗದಿದ್ದರೆ ಕೆಲಸದ ತಕರಾರುಗಳಿಗೆ ಸಲಹೆ ಕೊಡುವ ಏಕಾಸ್ (Acas) ಎಂಬ ಸಾರ್ವಜನಿಕ ಸಂಸ್ಥೆಗೆ ಫೋನ್ ಮಾಡಿ, 0300 123 1100. ಕೆಲಸದ ವ್ಯಾಜ್ಯ ಕೇಳುವ ಟ್ರಿಬ್ಯೂನಲ್‌ಗೆ ಹೋಗುವ ಮೊದಲು ಅವರ ಮೂಲಕ ಸಂಧಾನಕ್ಕೆ ಅರ್ಜಿ ಹಾಕಲೇಬೇಕು. ಆ ಅರ್ಜಿಗೆ ಇದುವರೆಗಿನ ಗಡುವು ಘಟನೆಯಿಂದ 3 ತಿಂಗಳಿಗೆ ಒಂದು ದಿನ ಕಮ್ಮಿ. ಅದನ್ನು ಹೆಚ್ಚಿಸುವ ಬದಲಾವಣೆ ನಡೆಯುತ್ತಿದೆ, ನಿಮಗೆ ಯಾವುದು ಅನ್ವಯಿಸುತ್ತದೆಂದು ಅವರನ್ನೇ ಕೇಳಿ. ಗ್ರೀವೆನ್ಸ್ ಇತ್ಯರ್ಥವಾಗಲಿ ಎಂದು ಕಾದು ಕೂತು ಗಡುವು ಕಳೆದುಕೊಳ್ಳಬೇಡಿ. ಆರ್‌ಸಿಎನ್ (ನರ್ಸ್‌ಗಳ ಸಂಘ) ಅಥವಾ ಯೂನಿಸನ್ ಯೂನಿಯನ್‌ಗೆ ಈಗಲೇ ಸೇರಿ. ತೊಂದರೆ ಶುರುವಾದ ಮೇಲೆ ಸೇರಿದವರಿಗೆ ಆ ತೊಂದರೆಯ ಮಟ್ಟಿಗೆ ವಕೀಲರ ನೆರವು ಸಿಗುವುದು ಕಷ್ಟ.

ವೀಸಾ ವಿಚಾರ ನೇರವಾಗಿ ಹೇಳುತ್ತೇನೆ. ವಿಶ್ರಾಂತಿ ಕೇಳಿದ್ದಕ್ಕೆ ವೀಸಾ ರದ್ದಾಗುವುದಿಲ್ಲ, ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದೂ ಕಾನೂನುಬಾಹಿರ. ಈ ರಕ್ಷಣೆಗೆ ಇಷ್ಟು ವರ್ಷ ಸರ್ವಿಸ್ ಆಗಿರಬೇಕೆಂಬ ಷರತ್ತಿಲ್ಲ. ಆದರೂ ಕೆಲಸ ಹೋದರೆ ಹೊಸ ಸ್ಪಾನ್ಸರ್, ಅಂದರೆ ನಿಮ್ಮ ವೀಸಾಕ್ಕೆ ಹೊಣೆ ಹೊರುವ ಇನ್ನೊಬ್ಬ ಮಾಲೀಕರನ್ನು, ಹುಡುಕಲು ಸಾಮಾನ್ಯವಾಗಿ 60 ದಿನವಷ್ಟೇ ಸಿಗುತ್ತದೆ, ನಿಮ್ಮ ಭಯ ಸುಳ್ಳಲ್ಲ. ಅದಕ್ಕೇ ಒಬ್ಬರೇ ಹೋಗಿ ವಾದಿಸುವ ಬದಲು ಯೂನಿಯನ್ ಪ್ರತಿನಿಧಿಯನ್ನು ಮುಂದಿಟ್ಟುಕೊಂಡು, ಅದೇ ರೋಟಾದಲ್ಲಿರುವ ನಾಲ್ಕು ಜನ ಸೇರಿ ಬರೆಯಿರಿ.

ಹೊರಗಿನ ಏಜೆನ್ಸಿ ಶಿಫ್ಟ್ ಬಗ್ಗೆಯೂ ಒಂದು ಮಾತು. ವೀಸಾ ವಾರಕ್ಕೆ 20 ಗಂಟೆ ಒಪ್ಪುತ್ತದೆ ಎಂದು ರಜೆಯ ದಿನವೆಲ್ಲ ಅದನ್ನೇ ತುಂಬಿಕೊಂಡರೆ, ಬಾಕಿ ವಿಶ್ರಾಂತಿ ಕೇಳುವಾಗ ನಿಮ್ಮ ವಾದ ದುರ್ಬಲವಾಗುತ್ತದೆ.