ರಶೀದಿ ಬರೆಯುವ ಆಫೀಸು ಹುಡುಕಿ

ಬೆಳ್ತಂಗಡಿ ಕಡೆಯ ಯುವತಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಎಲ್‌ಎಲ್‌ಬಿ ಮುಗಿಸಿ, ವಕೀಲಿ ಮಾಡುವ ಪರವಾನಗಿಯಾದ ಸನ್ನದು ಪಡೆದು, ಮಂಗಳೂರಿನ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿದ್ದಾರೆ. ತಿಂಗಳಿಗೆ ಸಿಗುವುದು ಪಿಜಿ ಬಾಡಿಗೆಗೂ ಸಾಲದು. ಅಪಘಾತದ ಕೇಸು ತಂದವರಿಗೆ ಕಮಿಷನ್, ಪರಿಹಾರದ ಹಣದಲ್ಲಿ ವಕೀಲರಿಗೆ ಪರ್ಸೆಂಟ್, ಇದೆಲ್ಲ ಇದ್ದದ್ದೇ ಎಂದು ಸುತ್ತಲಿನವರು ಹೇಳುತ್ತಾರಂತೆ. 'ಪ್ರಾಮಾಣಿಕವಾಗಿದ್ದು ಇಲ್ಲಿ ಬದುಕಲು ಆಗ್ತದಾ ಸಾರ್? ಇಲ್ಲ ಬೆಂಗಳೂರಿಗೆ ಹೋಗಲಾ?' ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಆಗ್ತದೆ. ಆದರೆ ಎಲ್ಲಾ ಆಫೀಸಿನಲ್ಲೂ ಆಗುವುದಿಲ್ಲ. ಹಾಗಾಗಿ ಊರು ಬಿಡುವ ಯೋಚನೆಗೆ ಮುಂಚೆ ಆಫೀಸಿನ ಯೋಚನೆ ಮಾಡಿ.

ನಮ್ಮಲ್ಲಿ ವಕೀಲರ ಸಮಾರಂಭ ಎಂದರೆ ಕುದ್ಮುಲ್ ರಂಗರಾಯರ ಹೆಸರು ಬರಲೇಬೇಕು, ಕಾರ್ನಾಡ್ ಸದಾಶಿವ ರಾಯರ ಹೆಸರು ಬರಲೇಬೇಕು. ಇಬ್ಬರೂ ಇದೇ ಮಂಗಳೂರಿನಲ್ಲಿ ವಕೀಲಿ ಮಾಡಿದವರು. ಒಬ್ಬರು ದಲಿತರಿಗಾಗಿ ಶಾಲೆ ತೆರೆದರು, ಇನ್ನೊಬ್ಬರು ಆಸ್ತಿಯನ್ನೆಲ್ಲ ಸ್ವಾತಂತ್ರ್ಯ ಹೋರಾಟಕ್ಕೆ ಕೊಟ್ಟರು. ನೆನೆಯಬೇಕಾದ್ದೇ. ಆದರೆ ಹಾಗೆ ಭಾಷಣ ಮಾಡಿದ ಹಿರಿಯರು ಮರುದಿನ ತಮ್ಮ ಜೂನಿಯರಿಗೆ ಬಸ್ಸಿನ ಖರ್ಚಾದರೂ ಕೊಡುತ್ತಾರಾ ಎಂದು ಯಾರೂ ಕೇಳುವುದಿಲ್ಲ. 'ನಾವೂ ಹಾಗೇ ಕಲಿತದ್ದು ಮಾರಾಯ್ರೇ' ಎಂಬ ಉತ್ತರ ಸಿದ್ಧ ಇರುತ್ತದೆ. ಹೊಟ್ಟೆಗಿಲ್ಲದ ಜೂನಿಯರ್ ಕೈ ಚಾಚುವುದನ್ನು ಕಲಿತರೆ ತಪ್ಪು ಅವನೊಬ್ಬನದ್ದಾ? ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಅದರಲ್ಲಿತ್ತು. ಅದು ಬರೀ ಶಿಫಾರಸು, ಕಡ್ಡಾಯವಲ್ಲ. ಆದರೂ ಸೀನಿಯರ್ ಮುಂದೆ ಸಂಬಳದ ಮಾತೆತ್ತಲು ನಿಮಗೊಂದು ಆಧಾರವಾಯಿತು. ನಾಚಿಕೆ ಬೇಡ, ಕೇಳಿ.

ಇನ್ನು ಪರ್ಸೆಂಟ್ ವಿಷಯ. ಇದರಲ್ಲಿ 'ಇದ್ದದ್ದೇ' ಎನ್ನುವ ಮಾತೇ ಇಲ್ಲ. ಕೇಸಿನ ಫಲಿತಾಂಶ ನೋಡಿ ಫೀಸು ನಿಗದಿ ಮಾಡಬಾರದು, ಬಂದ ಹಣದಲ್ಲಿ ಪಾಲು ಕೇಳಬಾರದು ಎಂದು ಪರಿಷತ್ತಿನ ನಿಯಮಗಳಲ್ಲಿ ನೇರವಾಗಿಯೇ ಬರೆದಿದೆ. ತೆಲಂಗಾಣದ ಒಂದು ಪ್ರಕರಣ ನೋಡಿ. ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿನಿಂದ ವಕೀಲರು ಪರಿಹಾರದ ಮೊತ್ತಕ್ಕೆ ಶೇಕಡಾ ಲೆಕ್ಕ ಹಾಕಿ ಫೀಸು ಕೇಳಿದರು. ಅದಕ್ಕೆ ಪಡೆದ ಚೆಕ್ ಬೌನ್ಸ್ ಆದಾಗ ಆಕೆಯ ಮೇಲೇ ಕೇಸು ಹಾಕಿದರು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿ, ಹೀಗೆ ಪರ್ಸೆಂಟ್ ಕೇಳುವುದು ವೃತ್ತಿಗೆ ತಕ್ಕದ್ದಲ್ಲದ ದುರ್ನಡತೆ ಎಂದಿತು. ಆಕೆಯ ಜಾಗದಲ್ಲಿ ನಿಮ್ಮೂರಿನ ಯಾರನ್ನಾದರೂ ಇಟ್ಟು ನೋಡಿ. ದುಡಿಯುವ ಗಂಡ ಹೋಗಿದ್ದಾನೆ, ಮಕ್ಕಳು ಶಾಲೆಯಲ್ಲಿದ್ದಾರೆ, ಬರುವ ಹಣ ಒಂದೇ ಸಲದ್ದು. ಫೀಸು ಕೊಡಬೇಕು ನಿಜ. ಆದರೆ ಎಷ್ಟು ಎಂದು ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಹೇಳಬೇಕು.

ಕಮಿಷನ್ನೂ ಅಷ್ಟೇ. ಕೇಸು ಹಿಡಿದು ತರುವ ದಲ್ಲಾಳಿಗಳ ಪಟ್ಟಿ ಮಾಡುವ ಅಧಿಕಾರ ವಕೀಲರ ಕಾಯ್ದೆಯ 2023ರ ತಿದ್ದುಪಡಿಯಿಂದ ಹೈಕೋರ್ಟಿಗೂ ಜಿಲ್ಲಾ ನ್ಯಾಯಾಧೀಶರಿಗೂ ಇದೆ. ಪಟ್ಟಿಯಲ್ಲಿ ಹೆಸರಿದ್ದೂ ದಲ್ಲಾಳಿ ಕೆಲಸ ಮಾಡಿದರೆ ಮೂರು ತಿಂಗಳವರೆಗೆ ಜೈಲು. ವಕೀಲರಿಗಾದರೆ ಸನ್ನದಿಗೇ ಕುತ್ತು.

ಹಾಗಾದರೆ ಸೀನಿಯರ್ ಆಯ್ಕೆ ಹೇಗೆ? ದೊಡ್ಡ ಹೆಸರು, ತುಂಬಿದ ಆಫೀಸು ನೋಡಿ ಮರುಳಾಗಬೇಡಿ. ಗುಮಾಸ್ತರ ಮೇಜಿನ ಹತ್ತಿರ ಒಂದು ವಾರ ಕಣ್ಣಿಟ್ಟು ಕೂತರೆ ಸಾಕು. ಕಕ್ಷಿದಾರ ಹಣ ಕೊಟ್ಟಾಗ ರಶೀದಿ ಬರೆಯುತ್ತಾರಾ? ಕೋರ್ಟ್ ಫೀಯ ಹಣ, ವಕೀಲರ ಫೀಸು ಬೇರೆ ಬೇರೆ ಬರೆದಿಡುತ್ತಾರಾ? 'ಫೈಲು ವಾಪಸ್ ಕೊಡಿ' ಎಂದು ಬಂದವನಿಗೆ ಕೊಡುತ್ತಾರಾ, ಬಾಕಿ ಫೀಸಿನ ನೆಪ ಹೇಳಿ ಸತಾಯಿಸುತ್ತಾರಾ? ಬಾಕಿ ಇದೆ ಎಂದು ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಇವಕ್ಕೆಲ್ಲ ಒಳ್ಳೆ ಉತ್ತರ ಸಿಗುವ ಆಫೀಸು ಬಂಟ್ವಾಳದಲ್ಲಿದ್ದರೂ ಪರವಾಗಿಲ್ಲ, ಹೋಗಿ.

ಬೆಂಗಳೂರು ಬೇಡ ಎನ್ನುವುದಿಲ್ಲ. ಕಂಪನಿಗಳ ಕೆಲಸವೇ ಇಷ್ಟ ಎಂದಾದರೆ ಹೋಗಿ, ತಪ್ಪೇನಿಲ್ಲ. ಆದರೆ ನಿಮ್ಮ ಕೈಯಲ್ಲಿ ಏನಿದೆ ಎಂದು ನಿಮಗೇ ಗೊತ್ತಿದ್ದಂತಿಲ್ಲ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಇಲ್ಲಿನ ಹಳೆ ಕಾಗದಗಳೇ ಬೇರೆ ಥರ. ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ) ಪಾಲು, ಮೂಲಗೇಣಿ (ಶಾಶ್ವತ ಗೇಣಿ), ಕುಮ್ಕಿ (ಕೃಷಿ ಜಮೀನಿಗೆ ತಾಗಿದ, ರೈತ ಬಳಸುವ ಸರ್ಕಾರಿ ಜಾಗ), ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ಕೊಟ್ಟ ಡಿಕ್ಲರೇಶನ್ ಎಲ್ಲ ಒಂದೇ ಜಾಗದ ಫೈಲಿನಲ್ಲಿ ಸಿಗಬಹುದು. ಇವನ್ನು ಓದಿ ಬಿಡಿಸಿ ಹೇಳಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ. ತುಳುವಿನಲ್ಲೇ ಎಲ್ಲ ಹೇಳುವ ಅಜ್ಜಿಯ ಮಾತು ಕೇಳಿ, ಅದನ್ನು ಸರಿಯಾಗಿ ದಾವೆಯಲ್ಲಿ ಬರೆಯುವುದೂ ಎಲ್ಲರಿಂದ ಆಗುವ ಕೆಲಸವಲ್ಲ. ಈ ಕಾಗದಗಳನ್ನು ಈಗಲೇ ಕಲಿತುಕೊಳ್ಳಿ, ಕಕ್ಷಿದಾರರು ತಾವಾಗಿ ಬರುತ್ತಾರೆ.

ನ್ಯಾಯಾಧೀಶೆ ಆಗುವ ಆಸೆಯೂ ಇದೆ ಎಂದು ಒಂದು ಸಾಲಿನಲ್ಲಿ ಬರೆದಿದ್ದೀರಿ. 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿ ಬೇಕು. ವಕೀಲರಾಗಿ ತಾತ್ಕಾಲಿಕ ನೋಂದಣಿಯಾದ ದಿನದಿಂದಲೇ ಲೆಕ್ಕ. ಆದ್ದರಿಂದ ಸುಮ್ನೆ ಆಫೀಸಿನಲ್ಲಿ ಟೈಪ್ ಮಾಡುತ್ತಾ ಕೂರಬೇಡಿ. ಮುಂದಿನ ದಿನಾಂಕ ಕೇಳುವುದಕ್ಕಾದರೂ ಸರಿ, ಕೋರ್ಟಿನಲ್ಲಿ ಎದ್ದು ನಿಂತು ಮಾತಾಡಿ.

ಕೊನೆಗೆ ನೀವು ಸಂಕೋಚದಿಂದ ಕೇಳಿದ್ದು: ಕೇಸು ಗೆದ್ದ ಅಮ್ಮನೊಬ್ಬರು ಕೋರ್ಟಿನ ಮೆಟ್ಟಿಲ ಹತ್ತಿರ ನಿಮ್ಮ ಕೈಗೆ 500 ರೂಪಾಯಿ ತುರುಕಿದ್ದಾರೆ, ಇಟ್ಟುಕೊಳ್ಳಬಹುದಾ ಎಂದು. ಸೀನಿಯರಿಗೆ ಹೇಳಿ. ಅವರು 'ನೀನೇ ಇಟ್ಟುಕೋ' ಎಂದರೆ ಇಟ್ಟುಕೊಳ್ಳಿ, ಆದರೆ ಆಫೀಸಿನ ಪುಸ್ತಕದಲ್ಲಿ ಬರೆಸಿ, ಆ ಅಮ್ಮನಿಗೊಂದು ರಶೀದಿಯನ್ನೂ ಕೊಡಿ. 'ಇದಕ್ಕೆಲ್ಲ ರಶೀದಿಯಾ' ಎಂದು ಸೀನಿಯರ್ ನಕ್ಕರೆ, ಬೇರೆ ಆಫೀಸು ಹುಡುಕಲು ಶುರು ಮಾಡಿ.