ಮೂರು ಇಂಟರ್‌ಫೇಸ್‌ಗೆ ಆರು ಪಟ್ಟಿ ಯಾಕೆ?

ನೆಟ್‌ವರ್ಕ್ ಕಾಯುವ ಪಿಎಫ್‌ಸೆನ್ಸ್ ಫೈರ್‌ವಾಲ್‌ನಲ್ಲಿ ವ್ಯಾನ್ (ಇಂಟರ್ನೆಟ್ ಕಡೆ), ಆಫೀಸ್, ಗೆಸ್ಟ್ ಈ ಮೂರು ಇಂಟರ್‌ಫೇಸ್‌ಗೂ, ಅಂದರೆ ಬಾಗಿಲುಗಳಿಗೂ, ಒಳಗೊಂದು, ಹೊರಗೊಂದು ರೂಲ್ ಪಟ್ಟಿ ಮಾಡಲಾ ಅಂತ ಕೇಳಿದ್ದೀರಿ. ಬೇಡ. ನಾನೂ ಹೀಗೇ ಚೆಂದವಾಗಿ ಜೋಡಿಸಲು ಹೋಗಿ ಮರ್ಯಾದೆ ಕಳೆದುಕೊಂಡವನು.

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಮನೆಯ ಒಂದು ಭಾಗ ಹೋಂಸ್ಟೇ. ಡಿಸೆಂಬರ್, ಅರೇಬಿಕಾ ಕೊಯ್ಲು ಜೋರು. ತೋಟದ ಲೆಕ್ಕ ಬರೆಯುವ ರೈಟರು ಲೈನ್ ಮನೆಗಳಲ್ಲಿರುವ ಕೆಲಸಗಾರರ ವಾರದ ಬಟವಾಡೆ ಪಟ್ಟಿ ಪ್ರಿಂಟ್ ಹಾಕುತ್ತಿದ್ದರು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಬೆಂಗಳೂರಿನ ಅತಿಥಿಯೊಬ್ಬರು ಫೋನ್ ತೋರಿಸಿದರು. "ಸುಮ್ನೆ ಸ್ಕ್ಯಾನ್ ಮಾಡಿದೆ, ನಿಮ್ಮ ಪ್ರಿಂಟರ್ ಪೇಜ್ ತೆರೀತಿದೆ. ಟೆಸ್ಟ್ ಪೇಜ್ ಒತ್ತಲಾ?" ಒತ್ತಿಯೇ ಬಿಟ್ಟರು. ಒಳಗೆ ಕರ್ ಕರ್ ಸದ್ದು.

ಗೆಸ್ಟ್‌ನವರು ಆಫೀಸಿಗೆ ಹೋಗಬಾರದು, ಅಂದಮೇಲೆ ಕಾವಲು ಆಫೀಸ್ ಬಾಗಿಲಲ್ಲೇ ಇರಬೇಕಲ್ವಾ ಅಂತ ಬ್ಲಾಕ್ ರೂಲನ್ನು ಆಫೀಸ್ ಟ್ಯಾಬಿನಲ್ಲಿ ಹಾಕಿದ್ದೆ. ಅದೇ ತಪ್ಪು. ಆ ಟ್ಯಾಬಿನ ರೂಲುಗಳು ನೋಡುವುದು ಆ ಇಂಟರ್‌ಫೇಸ್‌ನಿಂದ ಒಳಗೆ ಬರುವ ಪ್ಯಾಕೆಟ್‌ಗಳನ್ನು (ಡೇಟಾ ತುಣುಕುಗಳನ್ನು) ಮಾತ್ರ. ಒಳಗೆ ಅಂದರೆ ಆಫೀಸಿನ ಒಳಗಲ್ಲ, ಫೈರ್‌ವಾಲ್ ಪೆಟ್ಟಿಗೆಯ ಒಳಗೆ! ಅತಿಥಿಯ ಪ್ಯಾಕೆಟ್ ಪೆಟ್ಟಿಗೆಗೆ ಬರುವುದು ಗೆಸ್ಟ್ ಕಡೆಯಿಂದ. ಅಲ್ಲಿ 'ಎಲ್ಲಕ್ಕೂ ಬಿಡು' ಅಂತ ನಾನೇ ಬರೆದಿದ್ದೆ. ಆಫೀಸ್ ಕಡೆಗೆ ಅದು ಹೊರಗೆ ಹೋಗುತ್ತದೆ, ಅಲ್ಲಿ ನನ್ನ ರೂಲನ್ನು ಕೇಳುವವರೇ ಇಲ್ಲ. ಪ್ರಿಂಟರಿನ ಉತ್ತರ ವಾಪಸ್ ಬರುವಾಗಲಾದರೂ ಸಿಕ್ಕಿಬೀಳಬೇಕಿತ್ತಲ್ಲ? ಅದೂ ಇಲ್ಲ. ಮೊದಲ ಪ್ಯಾಕೆಟ್ ಬಿಟ್ಟಾಗಲೇ ಸ್ಟೇಟ್, ಅಂದರೆ ಈ ಸಂಪರ್ಕವನ್ನು ಬಿಟ್ಟಿದ್ದೇನೆ ಅನ್ನುವ ಗುರುತು, ದಾಖಲಾಗಿರುತ್ತದೆ. ಉತ್ತರ ಯಾವ ರೂಲನ್ನೂ ಮುಟ್ಟದೆ ದಾಟುತ್ತದೆ. ಎರಡು ತಿಂಗಳು ಆ ಕೆಂಪು ಗುರುತಿನ ಬ್ಲಾಕ್ ರೂಲ್ ನೋಡಿಕೊಂಡು ಆರಾಮಾಗಿದ್ದೆ ನಾನು.

ಅದಕ್ಕೇ ಹೇಳೋದು, ಇಂಟರ್‌ಫೇಸ್‌ಗೆ ಒಂದೇ ಪಟ್ಟಿ ಸಾಕು. ಟ್ರಾಫಿಕ್ ಎಲ್ಲಿಂದ ಹೊರಡುತ್ತದೋ ಅಲ್ಲೇ ತಡೆಯಿರಿ. ಗೆಸ್ಟ್ ಟ್ಯಾಬಿನಲ್ಲಿ ಆಫೀಸಿಗೆ ಬ್ಲಾಕ್ ಮೇಲೆ, ಇಂಟರ್ನೆಟ್‌ಗೆ ಪಾಸ್ ಕೆಳಗೆ. ಮೇಲಿಂದ ಮೊದಲು ಹೊಂದಿದ ರೂಲೇ ನಡೆಯುತ್ತದೆ. ಹೊರದಿಕ್ಕಿನ ರೂಲ್ ಬೇಕೇ ಬೇಕು ಅಂದರೆ ಫ್ಲೋಟಿಂಗ್ ಟ್ಯಾಬ್ ಇದೆ. ಫೈರ್‌ವಾಲ್ ತಾನೇ ಕಳಿಸುವ ಟ್ರಾಫಿಕ್ ತಡೆಯಬೇಕು, ಶೇಪಿಂಗ್ (ಟ್ರಾಫಿಕ್‌ಗೆ ವೇಗ ಹಂಚುವುದು) ಮಾಡಬೇಕು ಅನ್ನುವವರಿಗೆ ಅದು. ನಮ್ಮಂಥ ಸಣ್ಣ ಜಾಗಕ್ಕೆ ಅದರ ಸಹವಾಸ ಬೇಡ.

ಅವತ್ತು ರೂಲ್ ಸರಿ ಮಾಡಿ "ಈಗ ಒತ್ತಿ ನೋಡೋಣ" ಅಂದೆ ಜಂಬದಿಂದ. ಮತ್ತೆ ಕರ್ ಕರ್. ಹಳೇ ಸ್ಟೇಟ್ ಇನ್ನೂ ಜೀವಂತ ಇತ್ತು. ಡಯಾಗ್ನಾಸ್ಟಿಕ್ಸ್ ಮೆನುಗೆ ಹೋಗಿ ಸ್ಟೇಟ್‌ಗಳನ್ನು ರೀಸೆಟ್ ಮಾಡಿದ ಮೇಲೆಯೇ ನಿಂತಿದ್ದು. ಅಷ್ಟರಲ್ಲಿ ರೈಟರು ಎರಡು ಟೆಸ್ಟ್ ಪೇಜ್ ಹಿಡಿದು ಜಗಲಿಗೆ ಬಂದರು. "ಇವರಿಬ್ಬರು ಯಾವ ಲೈನ್ ಮನೆಯವರು ಸಾರ್? ಹೆಸರೇ ಗೊತ್ತಾಗ್ತಿಲ್ಲ."