ಟೈರ್ ಅಂಗಡಿಯ ಹಳೆಯ ಕಂಪ್ರೆಸರ್ ಬದಲಿಸುವಾಗ ಎಷ್ಟು ಎಚ್‌ಪಿಯದು ತೆಗೆದುಕೊಳ್ಳಬೇಕು?

ಸಿಂಧನೂರಿನಲ್ಲಿ ಟೈರ್ ಅಂಗಡಿಯ ಜೊತೆಗೆ ಕಾರುಗಳ ಪೇಂಟಿಂಗ್ ಕೆಲಸವನ್ನೂ ನಡೆಸುತ್ತಿದ್ದೀರಿ; 5 ಎಚ್‌ಪಿ ಮೋಟಾರು, 220 ಲೀಟರ್ ಟ್ಯಾಂಕ್ ಇರುವ ನಿಮ್ಮ ಹನ್ನೆರಡು ವರ್ಷದ ಕಂಪ್ರೆಸರ್ ಈಗ ಗಾಳಿಯೊಂದಿಗೆ ಎಣ್ಣೆಯನ್ನೂ ಉಗುಳುತ್ತಿದೆ ಎಂದು ಬರೆದಿದ್ದೀರಿ. ಒಬ್ಬ ವ್ಯಾಪಾರಿ 10 ಎಚ್‌ಪಿ ಪಿಸ್ಟನ್ ಯಂತ್ರ ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಪಿಸ್ಟನ್ ಬದಲು ತಿರುಗುವ ಸ್ಕ್ರೂಗಳಿಂದ ಗಾಳಿ ಒತ್ತುವ ಸ್ಕ್ರೂ ಕಂಪ್ರೆಸರ್ ಎನ್ನುತ್ತಾರೆ, ಮಿಸ್ತ್ರಿಯವರು ಹಳೆಯ ಟ್ಯಾಂಕಿನ ಮೇಲೆಯೇ ಹೊಸ ಹೆಡ್, ಅಂದರೆ ಗಾಳಿ ಒತ್ತುವ ಸಿಲಿಂಡರ್ ಭಾಗ, ಕೂರಿಸಿದರೆ ಸಾಕು ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ ಎಂಬುದು ನಿಮ್ಮ ಪ್ರಶ್ನೆ. ನಾನು ಬಳ್ಳಾರಿಯಲ್ಲಿ ಹದಿನೆಂಟು ವರ್ಷಗಳಿಂದ ಇದೇ ಬಗೆಯ ಗ್ಯಾರೇಜ್ ನಡೆಸುತ್ತಿದ್ದೇನೆ ಮತ್ತು ಈಗ ಮೂರನೆಯ ಕಂಪ್ರೆಸರ್ ಬಳಸುತ್ತಿದ್ದೇನೆ. ನನ್ನ ಅನುಭವದಲ್ಲಿ ಈ ಮೂರೂ ಸಲಹೆಗಳು ನಿಮ್ಮ ಅಂಗಡಿಗೆ ಹೊಂದುವುದಿಲ್ಲ, ಏಕೆಂದರೆ ನಿಮ್ಮಲ್ಲಿ ನಿಮಿಷಕ್ಕೆ ಎಷ್ಟು ಗಾಳಿ ಖರ್ಚಾಗುತ್ತದೆ ಎಂದು ಮೂವರಲ್ಲಿ ಒಬ್ಬರೂ ಕೇಳಿದಂತೆ ಕಾಣುವುದಿಲ್ಲ.

ಆದ್ದರಿಂದ ಹಣ ಕೊಡುವ ಮೊದಲು ಈಗಿರುವ ಯಂತ್ರವನ್ನೇ ಒಮ್ಮೆ ಅಳೆಯಿರಿ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಹೊರಗೆ ಹೋಗುವ ವಾಲ್ವ್ ಮುಚ್ಚಿ, ಮೋಟಾರು ಹಚ್ಚಿ, ಒತ್ತಡದ ಮೀಟರಿನ ಮುಳ್ಳು ಸೊನ್ನೆಯಿಂದ 7 ಬಾರ್ ಅಂದರೆ ಸುಮಾರು 100 ಪೌಂಡ್ ಒತ್ತಡ ಮುಟ್ಟಲು ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. 220 ಲೀಟರ್ ಟ್ಯಾಂಕಿಗೆ 7 ಬಾರ್ ತುಂಬಬೇಕಾದರೆ ಹೊರಗಿನ 1540 ಲೀಟರ್ ಗಾಳಿಯನ್ನು ಅದರೊಳಗೆ ತುರುಕಬೇಕು. ಒಂದು ಘನ ಅಡಿಗೆ 28.3 ಲೀಟರ್‌ನಂತೆ ಅದು 54 ಘನ ಅಡಿಯಾಗುತ್ತದೆ. ಆ 54ನ್ನು ನಿಮಿಷಗಳಿಂದ ಭಾಗಿಸಿದರೆ ನಿಮ್ಮ ಯಂತ್ರ ನಿಜವಾಗಿ ಕೊಡುತ್ತಿರುವ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಅಂಕಿ, ಸಿಗುತ್ತದೆ. ನನ್ನ ಹಿಂದಿನ ಯಂತ್ರವೂ ನಿಮ್ಮದರಂತೆಯೇ 5 ಎಚ್‌ಪಿಯದಾಗಿದ್ದು, ಹೊಸದರಲ್ಲಿ ನಾಲ್ಕು ನಿಮಿಷಕ್ಕೆ ತುಂಬುತ್ತಿತ್ತು, ಅಂದರೆ ಹದಿಮೂರೂವರೆ ಸಿಎಫ್‌ಎಂ. ಪಿಸ್ಟನ್ ರಿಂಗ್ ಸವೆದ ಮೇಲೆ ಏಳು ನಿಮಿಷ ಹಿಡಿಯತೊಡಗಿತು, ಎಂದರೆ ಎಂಟಕ್ಕೂ ಕಡಿಮೆ. ಆಗ ನಾನು ಯಂತ್ರ ಚಿಕ್ಕದಾಯಿತೆಂದು ಭಾವಿಸಿದ್ದೆ. ವಾಸ್ತವದಲ್ಲಿ ಅದು ಸವೆದಿತ್ತು.

ಎರಡನೆಯ ಪರೀಕ್ಷೆಯನ್ನು ರಾತ್ರಿ ಅಂಗಡಿ ಮುಚ್ಚುವಾಗ ಮಾಡಬೇಕು. ಟ್ಯಾಂಕ್ ತುಂಬಿಸಿ, ಪೈಪುಗಳಿಗೆಲ್ಲ ಗಾಳಿ ಬಿಟ್ಟು, ಗನ್ನುಗಳನ್ನು ಮುಟ್ಟದೆ, ಮೋಟಾರು ಆರಿಸಿ, ಮುಳ್ಳು 7ರಿಂದ 6ಕ್ಕೆ ಇಳಿಯುವವರೆಗೆ ಕಾಯಿರಿ. ಅಷ್ಟು ಇಳಿದರೆ ಸುಮಾರು 8 ಘನ ಅಡಿ ಗಾಳಿ ಹೋಯಿತೆಂದು ಅರ್ಥ. ನಮ್ಮಲ್ಲಿ ನಾಲ್ಕೇ ನಿಮಿಷದಲ್ಲಿ ಇಳಿದಿತ್ತು, ಅಂದರೆ ಯಾರೂ ಕೆಲಸ ಮಾಡದಿದ್ದಾಗಲೂ ನಿಮಿಷಕ್ಕೆ ಎರಡು ಘನ ಅಡಿ ಪೋಲಾಗುತ್ತಿತ್ತು. ಸೋಪಿನ ನೀರು ಹಚ್ಚುತ್ತ ಹೋದಾಗ ಎರಡು ಕಪ್ಲಿಂಗ್‌ಗಳಲ್ಲಿಯೂ ಟ್ಯಾಂಕಿನ ಕೆಳಗಿನ ಡ್ರೇನ್ ಕಾಕ್‌ನಲ್ಲಿಯೂ ಗುಳ್ಳೆ ಎದ್ದವು. ಅವನ್ನು ಸರಿಪಡಿಸಲು ತಗುಲಿದ ಖರ್ಚು ತೀರಾ ಚಿಕ್ಕದು. ಈ ಸೋರಿಕೆ ಮುಚ್ಚದೆ ದೊಡ್ಡ ಯಂತ್ರ ತಂದರೆ ಸೋರುವ ಗಾಳಿಗೂ ನೀವು ಪ್ರತಿ ತಿಂಗಳು ವಿದ್ಯುತ್ ಕಂಪನಿ ಜೆಸ್ಕಾಂಗೆ ಹಣ ಕಟ್ಟುತ್ತಲೇ ಇರಬೇಕಾಗುತ್ತದೆ.

ಇನ್ನು ಅಗತ್ಯದ ಲೆಕ್ಕ. ಟೈರ್ ಕೆಲಸದಲ್ಲಿ ಗಾಳಿ ಆಗಾಗ ಮಾತ್ರ ಬೇಕಾಗುತ್ತದೆ. ಗಾಲಿಯ ನಟ್ಟು ಬಿಚ್ಚುವ ಅರ್ಧ ಇಂಚಿನ ಇಂಪ್ಯಾಕ್ಟ್ ಗನ್ ಸರಾಸರಿ ನಾಲ್ಕೈದು ಸಿಎಫ್‌ಎಂ ತೆಗೆದುಕೊಂಡರೂ ಅದು ಕೆಲವು ಸೆಕೆಂಡುಗಳ ಮಾತು, ಅದನ್ನು ಟ್ಯಾಂಕ್ ತಾಳಿಕೊಳ್ಳುತ್ತದೆ. ಪೇಂಟಿಂಗ್ ಹಾಗಲ್ಲ. ಪೇಂಟ್ ಗನ್ನಿಗೂ ಪುಟ್ಟಿ ತಿಕ್ಕುವ ಗಾಳಿ ಸ್ಯಾಂಡರಿಗೂ ತಲಾ 10ರಿಂದ 12 ಸಿಎಫ್‌ಎಂ ಬೇಕು, ಅದೂ ನಿಮಿಷಗಟ್ಟಲೆ ಎಡೆಬಿಡದೆ. ನಿಮ್ಮ 220 ಲೀಟರ್ ಟ್ಯಾಂಕ್ 8 ಬಾರ್‌ನಿಂದ 6ಕ್ಕೆ ಇಳಿಯುವಷ್ಟರಲ್ಲಿ ಕೊಡುವುದು ಹದಿನೈದೂವರೆ ಘನ ಅಡಿ ಮಾತ್ರ. ಸ್ಯಾಂಡರ್ ಅದನ್ನು ಒಂದೂವರೆ ನಿಮಿಷದಲ್ಲಿ ತಿಂದುಬಿಡುತ್ತದೆ. ಹಾಗಾಗಿ ಪೇಂಟಿಂಗಿಗೆ 12, ಅದೇ ಹೊತ್ತಿಗೆ ನಡೆಯುವ ಟೈರ್ ಕೆಲಸಕ್ಕೆ 3ರಿಂದ 4, ಮೇಲೆ ಕಾಲು ಭಾಗ ಹೆಚ್ಚುವರಿ ಸೇರಿಸಿದರೆ ನಿಮಗೆ 20 ಸಿಎಫ್‌ಎಂ ಆಸುಪಾಸಿನ ಗಾಳಿ ಬೇಕು. ಎರಡು ಹಂತದ, ಅಂದರೆ ಗಾಳಿಯನ್ನು ಒಂದಾದ ಮೇಲೊಂದರಂತೆ ಎರಡು ಸಲ ಒತ್ತುವ, 7.5 ಎಚ್‌ಪಿ ಪಿಸ್ಟನ್ ಯಂತ್ರ ಇದಕ್ಕೆ ಸಾಕು. ಲಾರಿ ಟೈರುಗಳಿಗೆ ನೂರು ಪೌಂಡ್ ಮೀರಿ ಗಾಳಿ ಹಾಕಬೇಕಾಗುವುದರಿಂದ 12 ಬಾರ್ ಒತ್ತಡದ್ದನ್ನೇ ಆರಿಸಿ, ಆದರೆ ಲಾರಿ ಕೆಲಸ ಇಲ್ಲದ ದಿನಗಳಲ್ಲಿ, ಯಾವ ಒತ್ತಡಕ್ಕೆ ಮೋಟಾರು ನಿಲ್ಲಬೇಕೆಂದು ನಿರ್ಧರಿಸುವ ಪ್ರೆಷರ್ ಸ್ವಿಚ್ ಇಳಿಸಿಡಿ. ಒಂದು ಬಾರ್ ಇಳಿಸಿದರೆ ಕರೆಂಟು ಖರ್ಚು ಶೇಕಡ ಆರೇಳರಷ್ಟು ಉಳಿಯುತ್ತದೆ.

ಕೊಟೇಷನ್ ಕೇಳುವಾಗ ಒಂದು ವಿಷಯದಲ್ಲಿ ದಯವಿಟ್ಟು ಬಿಗಿಯಾಗಿರಿ. ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಸಿಎಫ್‌ಎಂ ಬಹುತೇಕ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್ ಆಗಿರುತ್ತದೆ, ಅಂದರೆ ಸಿಲಿಂಡರ್ ಎಳೆದುಕೊಳ್ಳುವ ಜಾಗದ ಲೆಕ್ಕ. ಗನ್ನಿಗೆ ತಲುಪುವುದು ಎಫ್‌ಎಡಿ (ಫ್ರೀ ಏರ್ ಡೆಲಿವರಿ, ಯಂತ್ರ ನಿಜವಾಗಿ ಕೊಡುವ ಗಾಳಿ) ಎಂಬ ಅಂಕಿ, ಮತ್ತು ಅದು ಮೊದಲಿನದಕ್ಕಿಂತ ಯಾವಾಗಲೂ ಕಡಿಮೆ. ಎಷ್ಟು ಬಾರ್‌ನಲ್ಲಿ ಎಷ್ಟು ಎಫ್‌ಎಡಿ ಎಂದು ಬರೆಸಿಕೊಳ್ಳಿ. ಕೊಯಮತ್ತೂರಿನ ಎಲ್ಗಿ, ಪುಣೆಯ ಕಿರ್ಲೋಸ್ಕರ್ ನ್ಯೂಮ್ಯಾಟಿಕ್, ಇಂಗರ್ಸಾಲ್ ರಾಂಡ್ ಹೀಗೆ ಆಯ್ಕೆಗಳು ಹಲವಿವೆ; ನಿಮ್ಮ ಊರಿಗೆ ಎರಡು ದಿನದೊಳಗೆ ವಾಲ್ವ್ ಪ್ಲೇಟ್ ಮತ್ತು ರಿಂಗ್ ತಲುಪಿಸಬಲ್ಲವರು ಯಾರು ಎಂಬುದನ್ನು ನೋಡಿ ನಿರ್ಧರಿಸುವುದು ಒಳ್ಳೆಯದು.

ಸ್ಕ್ರೂ ಕಂಪ್ರೆಸರ್ ಕೆಟ್ಟ ಯಂತ್ರವೇನಲ್ಲ. ಗಂಗಾವತಿ, ಸಿಂಧನೂರು ಕಡೆಯ ರೈಸ್‌ಮಿಲ್‌ಗಳಲ್ಲಿ ಅಕ್ಕಿಯ ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ತಾಸುಗಟ್ಟಲೆ ಒಂದೇ ಸಮನೆ ಗಾಳಿ ಬೇಕು, ಅಲ್ಲಿ ಅದು ತಕ್ಕ ಯಂತ್ರ. ಟೈರ್ ಅಂಗಡಿಯಲ್ಲಿ ಐದು ನಿಮಿಷ ಓಡಿ ಇಪ್ಪತ್ತು ನಿಮಿಷ ನಿಂತರೆ ಅದರ ಎಣ್ಣೆ ಸಾಕಷ್ಟು ಬಿಸಿಯಾಗುವುದಿಲ್ಲ, ಗಾಳಿಯ ತೇವ ಎಣ್ಣೆಯಲ್ಲೇ ಉಳಿದು ಬೇರಿಂಗ್ ಹಾಳಾಗುತ್ತದೆ. ನಮ್ಮ ಕಡೆಯ ಧೂಳಿಗೆ ಅದರ ಕೂಲರ್ ಕಟ್ಟಿಕೊಳ್ಳುವುದು ಬೇರೆ.

ಹಳೆಯ ಟ್ಯಾಂಕಿನ ಮೇಲೆ ಹೊಸ ಹೆಡ್ ಕೂರಿಸುವ ಸಲಹೆಯನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಟ್ಯಾಂಕು ತುಕ್ಕು ಹಿಡಿಯುವುದು ಒಳಗಿನಿಂದ, ನೀರು ನಿಲ್ಲುವ ತಳದಲ್ಲಿ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ಸ್ಥಿತಿ ಗೊತ್ತಾಗುವುದಿಲ್ಲ. ನನ್ನ ಮೊದಲ ಯಂತ್ರದ ಟ್ಯಾಂಕನ್ನು ಗುಜರಿಗೆ ಹಾಕುವ ಮುನ್ನ ಗಾಳಿ ಪೂರ್ತಿ ತೆಗೆದು ಕಟ್ಟರಿನಿಂದ ಸೀಳಿಸಿ ನೋಡಿದೆ. ತಳದಲ್ಲಿ ಅಂಗೈ ಅಗಲದ ಪಟ್ಟಿಯುದ್ದಕ್ಕೂ ಕೆಂಪು ಹಕ್ಕಳೆ ಎದ್ದಿತ್ತು, ಡ್ರೇನ್ ಕಾಕ್ ಪಕ್ಕದ ವೆಲ್ಡಿನ ಬಳಿ ಸ್ಕ್ರೂಡ್ರೈವರ್ ಒತ್ತಿದರೆ ತುದಿ ಆಚೆಗೆ ಬಂತು. ಅದಕ್ಕೆ ಒಂದು ವಾರ ಮೊದಲು ಅದೇ ಟ್ಯಾಂಕ್ 8 ಬಾರ್ ಒತ್ತಡದಲ್ಲಿ ನಿಂತಿತ್ತು, ಅದರ ಪಕ್ಕದಲ್ಲೇ ನನ್ನ ಹುಡುಗರು ಕುಳಿತು ಪಂಕ್ಚರ್ ಹಾಕುತ್ತಿದ್ದರು. ಹೊಸ ಯಂತ್ರಕ್ಕೂ ದಿನಾ ಸಂಜೆ ಡ್ರೇನ್ ತೆಗೆದು ನೀರು ಬಿಡುವ ಕೆಲಸವನ್ನು ಒಬ್ಬರಿಗೆ ವಹಿಸಿಬಿಡಿ.

ಖರೀದಿಗೆ ಮುನ್ನ ನಿಮ್ಮ ಮಂಜೂರಾದ ವಿದ್ಯುತ್ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ, 7.5 ಎಚ್‌ಪಿಗೆ ಸಾಲದಿದ್ದರೆ ಮೊದಲೇ ಅರ್ಜಿ ಕೊಡಿ. ಮೋಟಾರು ಹಚ್ಚುವಾಗ ಕಡಿಮೆ ಕರೆಂಟು ಎಳೆಯುವಂತೆ ಮಾಡುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಮತ್ತು ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸುವ ರಿಲೇ ಎರಡನ್ನೂ ಹಾಕಿಸಿ. ತಗಡಿನ ಶೆಡ್ಡಿನೊಳಗೆ ಬೇಸಿಗೆಯ ಬಿಸಿ ಗಾಳಿಯನ್ನೇ ಯಂತ್ರಕ್ಕೆ ಉಣಿಸಬೇಡಿ, ನೆರಳಿರುವ ಗೋಡೆಯ ಪಕ್ಕ ಇಟ್ಟು ವಾರಕ್ಕೊಮ್ಮೆ ಫಿಲ್ಟರ್ ಕೊಡವಿ. ಲೈನಿಗೆ ಪಿವಿಸಿ ಪೈಪ್ ಬೇಡ, ಅದು ಒಡೆದರೆ ಚೂರುಗಳು ಸಿಡಿಯುತ್ತವೆ. ಜಿಐ ಪೈಪನ್ನು ಸ್ವಲ್ಪ ಇಳಿಜಾರಾಗಿ ಎಳೆಸಿ, ಪೇಂಟ್ ಗನ್ನಿಗೆ ಹೋಗುವ ಕವಲನ್ನು ಪೈಪಿನ ಮೇಲ್ಭಾಗದಿಂದ ತೆಗೆಸಿ, ಕೊನೆಯಲ್ಲಿ ವಾಟರ್ ಸೆಪರೇಟರ್ ಕೂರಿಸಿ.

ಮೋಟಾರಿಗೆ ವೈರ್ ಜೋಡಿಸಿದ ಕೂಡಲೇ ಕಂಪ್ರೆಸರಿನ ಗಾಲಿ ಯಾವ ಕಡೆ ತಿರುಗುತ್ತಿದೆ ಎಂದು ಬಾಣದ ಗುರುತಿನೊಂದಿಗೆ ಹೋಲಿಸಿ ನೋಡಿ. ನನ್ನ ಎರಡನೆಯ ಯಂತ್ರದಲ್ಲಿ ಎರಡು ಫೇಸ್ ಅದಲುಬದಲಾಗಿ ಗಾಲಿ ಹಿಮ್ಮುಖವಾಗಿ ತಿರುಗುತ್ತಿತ್ತು, ಗಾಳಿ ಮಾತ್ರ ಎಂದಿನಂತೆ ತುಂಬುತ್ತಿದ್ದುದರಿಂದ ಹದಿನೈದು ದಿನ ಯಾರ ಗಮನಕ್ಕೂ ಬರಲಿಲ್ಲ. ಗಾಲಿಯ ರೆಕ್ಕೆಗಳು ಹೆಡ್ಡಿನ ಮೇಲೆ ಬೀಸಬೇಕಾದ ಗಾಳಿ ಎದುರು ದಿಕ್ಕಿಗೆ ಹೋಗಿ, ಹೆಡ್ ಕಾದು, ವಾಲ್ವ್ ಪ್ಲೇಟಿನ ಮೇಲೆ ಇದ್ದಲಿನಂಥ ಮಸಿ ಗಟ್ಟಿಯಾಗಿ ಕೂತಿತ್ತು.